ವಸುಧಾರೆಯ ತೀರ್ಪು

ತೀರ್ಥಯಾತ್ರೆಯ ಫಲವನ್ನು ಕುರಿತು ನಮ್ಮ ಶಾಸ್ತ್ರಗಳಲ್ಲಿ ವಿಚಾರವು ವಿಸ್ತಾರವಾಗಿ ನಡೆದಿದೆ. ಯಾವ ಕ್ಷೇತ್ರಕ್ಕೆ ಯಾವ ಕಾಲದಲ್ಲಿ ಹೋಗಬೇಕು, ಅಲ್ಲಿ ಯಾವ ಸ್ನಾನದಾನಗಳನ್ನು ಮಾಡಬೇಕು, ಅದರಿಂದ ಯಾವ ಫಲವುಂಟು ಎಂಬುದನ್ನು ಪುರಾಣಗಳು ಸಾರಿ ಹೇಳಿವೆ. ಆದರೆ ಯಾತ್ರಿಕನು ಆ ಫಲಕ್ಕೆ ಯೋಗ್ಯನೋ ಅಲ್ಲವೋ ಎಂಬುದನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ, ಜೊತೆಯವರೆಲ್ಲರ ಕಣ್ಣೆದುರಿನಲ್ಲಿ ನಿರ್ಣಯಿಸಿಬಿಡುವ ತೀರ್ಥಗಳು ವಿರಳ. ಹಿಮಾಲಯದಲ್ಲಿ ಬದರೀಕ್ಷೇತ್ರದಿಂದ ಮೇಲಕ್ಕಿರುವ ವಸುಧಾರಾ ಎಂಬ ಜಲಪಾತವು ಅಂಥದೆಂದು ಜನರು ನಂಬಿರುವರು. ಆ ನಂಬಿಕೆಯು ನಮ್ಮ ಮನೆಗಳಲ್ಲಿ ನಿತ್ಯವೂ ಬಳಕೆಯಲ್ಲಿರುವ ಒಂದು ದೊಡ್ಡ ನಂಬಿಕೆಯ ಸಣ್ಣ ರೂಪವಾದುದರಿಂದ, ಅದನ್ನು ಸ್ವಲ್ಪ ಪರಿಶೀಲಿಸುವುದು ವಾಚಕರಿಗೆ ಬೇಸರವಾಗಲಾರದೆಂದು ಭಾವಿಸುತ್ತೇನೆ.

ಮೊದಲು ಸ್ಥಳದ ವಿಷಯವನ್ನು ಹೇಳತಕ್ಕದ್ದು. ಬದರೀನಾಥವು ಸಮುದ್ರಮಟ್ಟಕ್ಕಿಂತ ೧೦,೦೦೦ ಅಡಿಗಳಿಗೂ ಮೇಲೆ, ಅಲಕನಂದೆಯ ದಡದಲ್ಲಿದೆ. ದೇವಾಲಯವು ವೈಶಾಖದ ಸುಮಾರಿಗೆ ತೆರೆದು ಕಾರ್ತಿಕದ ಸುಮಾರಿಗೆ ಮುಚ್ಚುವುದು. ಉಳಿದ ತಿಂಗಳುಗಳಲ್ಲಿ ಆ ಕಣಿವೆಯೆಲ್ಲ ಹಿಮದ ವಶ. ಕನ್ನಡಿಗರಿಗೆ ಈ ಕ್ಷೇತ್ರವು ದೂರದ್ದಾದರೂ ಅಪರಿಚಿತವಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಶ್ರೀ ಮಧ್ವಾಚಾರ್ಯರು ಬದರಿಗೆ ಹೋದ ವೃತ್ತಾಂತವನ್ನು ಸುಮಧ್ವವಿಜಯದಲ್ಲಿ ಓದಿದವರು ನಮ್ಮಲ್ಲಿ ಅನೇಕರುಂಟು. ಬದರಿಯಿಂದ ಸುಮಾರು ೩ ಕಿಲೋಮೀಟರು ಮುಂದೆ ಹೋದರೆ ಮಾಣಾ ಎಂಬ ಹಳ್ಳಿ. ಅಲ್ಲಿಯ ಜನರು ೧೯೬೨ರ ಯುದ್ಧಕ್ಕೆ ಮೊದಲು ಕಣಿವೆಯನ್ನು ದಾಟಿ ಟಿಬೇಟಿನೊಡನೆ ವ್ಯಾಪಾರ ಮಾಡುತ್ತಿದ್ದವರು. ಚಳಿಗಾಲದಲ್ಲಿ ಕೆಳಗಿನ ಊರುಗಳಿಗೆ ಇಳಿದು ಬೇಸಗೆಯಲ್ಲಿ ಮತ್ತೆ ಹತ್ತಿ ಬರುವವರು. ಅವರ ಹೆಂಗಸರು ಮನೆಯ ಮುಂದೆ ಕುಳಿತು ಉಣ್ಣೆಯನ್ನು ನೇಯುವುದನ್ನು ಈಗಲೂ ನೋಡಬಹುದು. ಹಳ್ಳಿಯ ಬಾಗಿಲಿನಲ್ಲಿ ಮೊದಲು ‘ಭಾರತದ ಕೊನೆಯ ಹಳ್ಳಿ’ ಎಂಬ ಫಲಕವಿದ್ದಿತು. ೨೦೨೩ರಲ್ಲಿ ಅದನ್ನು ತೆಗೆದು ‘ಭಾರತದ ಮೊದಲ ಹಳ್ಳಿ’ ಎಂದು ಬರೆಯಿಸಿದರು. ಮಾಣಾದಲ್ಲಿ ಸರಸ್ವತೀನದಿಯು ಬಂಡೆಗಳ ಸಂದಿಯಿಂದ ಭೋರ್ಗರೆಯುತ್ತ ಹೊರಬಿದ್ದು ಕೇಶವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡುವಳು. ಆ ಸರಸ್ವತಿಯ ಮೇಲೆ ಅಡ್ಡಲಾಗಿ ಬಿದ್ದಿರುವ ಹೆಬ್ಬಂಡೆಗೆ ಭೀಮನ ಸೇತುವೆಯೆಂದು ಹೆಸರು.

ಆ ಸೇತುವೆಯನ್ನು ದಾಟಿ ಅಲಕನಂದೆಯ ಪಕ್ಕದ ಕಾಲುದಾರಿಯಲ್ಲಿ ಸುಮಾರು ೫ ಕಿಲೋಮೀಟರು ನಡೆದರೆ ವಸುಧಾರೆಯು ಕಾಣುವುದು. ಗಿಡಮರಗಳಿಲ್ಲದ ಬೋಳು ಬೆಟ್ಟ. ಎದುರಿಗೆ ಹಿಮದ ಶಿಖರಗಳು. ಕೆಳಗೆ ಹೊಳೆಯ ಮೊರೆತ. ಸುಮಾರು ೪೦೦ ಅಡಿ ಎತ್ತರದ ಕಡಿಬಂಡೆಯ ತುದಿಯಿಂದ ಕಿರಿದಾದ ಒಂದು ಧಾರೆಯು ಬೀಳುತ್ತದೆ. ಅರ್ಧದಾರಿಗೆ ಬರುವಷ್ಟರಲ್ಲಿ ಅದು ಧಾರೆಯಾಗಿ ಉಳಿಯದೆ ಒಡೆದು ಹನಿಯಾಗಿ, ಹನಿಯೂ ಒಡೆದು ಹೊಗೆಯಂತಾಗಿ, ಗಾಳಿಯು ಎತ್ತ ಕರೆದರೆ ಅತ್ತ ತೂಗಾಡುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ಆ ಹೊಗೆಯೊಳಗೆ ಕಾಮನಬಿಲ್ಲು ಮೂಡುವುದು. ಅಷ್ಟವಸುಗಳು ಅಲ್ಲಿ ತಪಸ್ಸು ಮಾಡಿದರೆಂದೂ ಅದರಿಂದಲೇ ಆ ಧಾರೆಗೆ ಈ ಹೆಸರು ಬಂದಿತೆಂದೂ ಐತಿಹ್ಯ.

ಇನ್ನು ನಂಬಿಕೆಯ ವಿಷಯ. ಈ ಜಲಪಾತದ ಕೆಳಗೆ ನಿಂತವನು ಶುದ್ಧಾತ್ಮನಾದರೆ ಹನಿಗಳು ಅವನ ಮೈಮೇಲೆ ಬೀಳುವುವು. ಪಾಪಿಯಾದರೆ ನೀರು ಅವನನ್ನು ಬಿಟ್ಟು ಪಕ್ಕಕ್ಕೆ ಸರಿಯುವುದು. ಇಷ್ಟೇ ನಂಬಿಕೆ. ಹಾದಿಯಲ್ಲಿ ಸಿಕ್ಕವರೆಲ್ಲರೂ ಇದನ್ನು ಹೇಳುವರು. ಹಿಂದಿರುಗಿ ಬರುತ್ತಿರುವವರನ್ನು ‘ನಿಮ್ಮ ಮೇಲೆ ಬಿದ್ದಿತೇ?’ ಎಂದು ಕೇಳುವರು. ಕೇಳುವವರಲ್ಲಿ ಅರ್ಧದಷ್ಟು ಜನಕ್ಕೆ ಇದು ನಗೆಯ ಮಾತು. ಎಲ್ಲರಿಗೂ ಹಾಗಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಯಾತ್ರಿಕರ ಒಂದು ತಂಡದೊಡನೆ ನಾನು ಅಲ್ಲಿಗೆ ಹೋಗಿದ್ದೆನು. ತಂಡದಲ್ಲಿ ಎಪ್ಪತ್ತರ ಹತ್ತಿರದ ವಿಧವೆಯೊಬ್ಬರಿದ್ದರು. ಅವರ ಒಬ್ಬನೇ ಮಗನು ಹಿಂದಿನ ವರ್ಷ ತೀರಿಕೊಂಡಿದ್ದನು. ಬದರಿಯ ಬ್ರಹ್ಮಕಪಾಲದಲ್ಲಿ ಅವನಿಗೆ ಪಿಂಡವನ್ನು ಹಾಕಿಸಿ, ಬೇಡವೆಂದರೂ ಕೇಳದೆ, ಕೋಲೂರಿಕೊಂಡು ಅವರು ವಸುಧಾರೆಯವರೆಗೂ ನಡೆದು ಬಂದರು. ನಾವು ಒಬ್ಬೊಬ್ಬರಾಗಿ ಬಂಡೆಯ ಬುಡದಲ್ಲಿ ನಿಂತೆವು. ಹಲವರು ನೆನೆದರು, ಕೆಲವರು ಅರೆಬರೆ ನೆನೆದರು. ಆ ವೃದ್ಧೆಯು ನಿಂತಾಗ ಗಾಳಿಯು ಆ ಕಡೆಗೆ ತಿರುಗಿ ಧಾರೆಯೆಲ್ಲ ಬಂಡೆಯ ಇನ್ನೊಂದು ಮೈಗೆ ಹೋಯಿತು. ಕಾಲು ಗಂಟೆಯ ಹೊತ್ತು ಕೈಮುಗಿದು ನಿಂತರೂ ಅವರ ಶಾಲು ಒಣಗಿದ್ದುದು ಒಣಗಿದಂತೆಯೇ ಇದ್ದಿತು. ನಮ್ಮ ಜೊತೆಯ ಗೃಹಸ್ಥರೊಬ್ಬರು, ಕೆಟ್ಟ ಮನಸ್ಸಿನವರಲ್ಲ, ‘ಬನ್ನಿ ದೊಡ್ಡಮ್ಮ, ಕಾರಣವಿಲ್ಲದೆ ಇಂಥದು ಆಗುವುದಿಲ್ಲ. ಅನುಭವಿಸಿ ತೀರಿಸಬೇಕಾದ್ದು ಇನ್ನೂ ಇರಬೇಕು’ ಎಂದರು. ಆಕೆಯು ಅಳಲಿಲ್ಲ. ‘ಹೌದಪ್ಪ, ನನಗೆ ಗೊತ್ತಿತ್ತು’ ಎಂದಷ್ಟೇ ಹೇಳಿ ಒಂದು ಕಲ್ಲಿನ ಮೇಲೆ ಕುಳಿತರು.

ಆಕೆಗೆ ಗೊತ್ತಿದ್ದುದೇನೆಂಬುದನ್ನು ವಿವರಿಸಬೇಕಾದುದಿಲ್ಲ. ತನ್ನ ಪಾಪವೇ ಮಗನನ್ನು ಕೊಂದಿತೆಂದು ಒಂದು ವರ್ಷದಿಂದ ಮನಸ್ಸಿನಲ್ಲಿ ಸುಳಿದಾಡುತ್ತಿದ್ದ ಸಂದೇಹಕ್ಕೆ ಆ ದಿನ ಹಿಮಾಲಯವೇ ಸಾಕ್ಷಿ ನುಡಿದಂತಾಯಿತು. ಆಗ ತಂಡದಲ್ಲಿದ್ದ ಬೇರೊಂದು ಮನೆಯ ಸೊಸೆಯು ಕೆಳಗೆ ಹರಿದುಹೋಗುತ್ತಿದ್ದ ಅದೇ ನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಬಂದು, ‘ಇದೂ ವಸುಧಾರೆಯೇ ಅಜ್ಜಿ’ ಎಂದು ವೃದ್ಧೆಯ ತಲೆಯ ಮೇಲೆ ಪ್ರೋಕ್ಷಿಸಿ, ಉಳಿದುದನ್ನು ತಾನೂ ತಲೆಗೆ ಹಾಕಿಕೊಂಡು, ಪಕ್ಕದಲ್ಲಿಯೇ ಕುಳಿತುಕೊಂಡಳು. ಇವರಿಬ್ಬರಲ್ಲಿ, ಎಂದರೆ ಆ ಗೃಹಸ್ಥರಲ್ಲಿಯೂ ಈ ತರುಣಿಯಲ್ಲಿಯೂ, ಶಾಸ್ತ್ರವನ್ನು ಸರಿಯಾಗಿ ತಿಳಿದವರಾರು ಎಂಬುದೇ ನಾನು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ. ಗೃಹಸ್ಥರಿಗೆ ಶಾಸ್ತ್ರದಲ್ಲಿ ವಿಶ್ವಾಸವುಂಟು, ತರುಣಿಗೆ ಕರುಣೆ ಮಾತ್ರವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ನಿಜವೇ?

ತರ್ಕದಿಂದ ಆರಂಭಿಸೋಣ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದಕ್ಕೆ ನಮಗೆ ಅಧಿಕಾರವು ಬರುವುದು, ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ಸಿದ್ಧವಾಗಿರುವುದರಿಂದ. ನೀರು ಬಿದ್ದುದನ್ನು ಕಂಡು ಪುಣ್ಯವನ್ನು ಊಹಿಸುವುದಕ್ಕೂ ಅಂಥದೇ ವ್ಯಾಪ್ತಿಯು ಬೇಕು. ಅದೆಲ್ಲಿದೆ? ವಸುಧಾರೆಯ ಬುಡದ ಬಂಡೆಗಳು ಹಗಲಿರುಳೂ ನೆನೆಯುತ್ತವೆ. ಅವುಗಳಿಗೆ ಪುಣ್ಯವನ್ನು ಹೇಳುವವರಿಲ್ಲ. ಒಬ್ಬನೇ ಮನುಷ್ಯನು ಒಂದು ಗಳಿಗೆಯಲ್ಲಿ ಒಣಗಿದ್ದು ಮುಂದಿನ ಗಳಿಗೆಯಲ್ಲಿ ನೆನೆಯುವುದನ್ನು ಅಲ್ಲಿ ಯಾರಾದರೂ ನೋಡಬಹುದು. ಆ ಎರಡು ಗಳಿಗೆಗಳ ನಡುವೆ ಅವನ ಪಾಪವೆಲ್ಲ ತೊಳೆದುಹೋಯಿತೆಂದು ಹೇಳುವವರೂ ಇಲ್ಲ. ಹೇತುವು ಹೀಗೆ ಸಾಧ್ಯವನ್ನು ಬಿಟ್ಟು ಅಡ್ಡಾದಿಡ್ಡಿಯಾಗಿ ಓಡಾಡಿದರೆ ನೈಯಾಯಿಕರು ಅದನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ತಳ್ಳಿಹಾಕುವರು.

ಅದಲ್ಲದೆ, ನೀರು ಸರಿಯುವುದಕ್ಕೆ ಕಾಣುವ ಕಾರಣವೇ ಇದೆ. ಎಷ್ಟೇ ಎತ್ತರದಿಂದ ಬಿದ್ದರೂ ನೀರಿನ ಹನಿಯು ಗಾಳಿಯ ತಡೆಯಿಂದಾಗಿ ಒಂದು ಮಿತಿಯನ್ನು ಮೀರಿ ವೇಗವನ್ನು ಪಡೆಯಲಾರದು. ದೊಡ್ಡ ಮಳೆಹನಿಗೂ ಆ ಮಿತಿಯು ಸೆಕೆಂಡಿಗೆ ಸುಮಾರು ೩೦ ಅಡಿ. ಸಣ್ಣ ಹನಿಗಳ ಗತಿಯು ಇನ್ನೂ ಮಂದ. ನಾಲ್ಕುನೂರು ಅಡಿಗಳ ಪತನದಲ್ಲಿ ಒಡೆದು ನುಣ್ಣಗಾದ ನೀರು ಹೀಗೆ ಬಹಳ ಹೊತ್ತು ಗಾಳಿಯ ಕೈಯಲ್ಲಿರುತ್ತದೆ. ಬೆಟ್ಟದ ಕಣಿವೆಗಳಲ್ಲಿ ಬಿಸಿಲೇರಿದಂತೆ ಗಾಳಿಯು ಕೆಳಗಿನಿಂದ ಮೇಲಕ್ಕೂ ರಾತ್ರಿಯಲ್ಲಿ ಮೇಲಿನಿಂದ ಕೆಳಕ್ಕೂ ಬೀಸುವುದು ಪ್ರಕೃತಿಯ ನಿಯಮ. ಧಾರೆಯನ್ನು ಉಣಿಸುವುದು ಕರಗುವ ಹಿಮ. ಆದುದರಿಂದ ಬೆಳಗಿನ ಚಳಿಯಲ್ಲಿ ಅದು ತೆಳ್ಳಗೆ, ಮಧ್ಯಾಹ್ನದ ಬಿಸಿಲಿನಲ್ಲಿ ದಪ್ಪ. ಹೀಗಿರಲು, ಒಬ್ಬನು ನೆನೆಯುವನೋ ಇಲ್ಲವೋ ಎಂಬುದು ಅವನು ಮಾಣಾದಿಂದ ಎಷ್ಟು ಗಂಟೆಗೆ ಹೊರಟನೆಂಬುದರ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಮಂಡಿನೋವಿನ ವೃದ್ಧೆಯೂ ಗಟ್ಟಿ ಕಾಲಿನ ತರುಣನೂ ಒಂದೇ ಗಳಿಗೆಯಲ್ಲಿ ಅಲ್ಲಿಗೆ ತಲಪುವುದಿಲ್ಲ.

ಆದರೆ ಆ ಗೃಹಸ್ಥರು ಗಾಳಿಯ ವಿಚಾರವನ್ನು ಕೇಳಿ ಒಪ್ಪಲಾರರು. ‘ಗಾಳಿಯು ಬೀಸಿತು, ಸರಿ. ಆ ಗಳಿಗೆಯಲ್ಲಿಯೇ ಏಕೆ ಬೀಸಬೇಕು? ಬೀಸಿಸಿದವನು ದೇವರಲ್ಲವೇ?’ ಎಂದು ಕೇಳುವರು. ಈ ಪ್ರಶ್ನೆಗೆ ಉತ್ತರವನ್ನು ವಿಜ್ಞಾನದಿಂದ ಹೇಳುವುದಕ್ಕಿಂತ ಧರ್ಮಶಾಸ್ತ್ರದಿಂದಲೇ ಹೇಳುವುದು ಉಚಿತ. ದೈವವು ಪಂಚಭೂತಗಳ ಮೂಲಕ ಮನುಷ್ಯನ ದೋಷಾದೋಷಗಳನ್ನು ತಿಳಿಸುವುದೆಂಬ ಭಾವನೆಯು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಅವರು ಅದಕ್ಕೆ ದಿವ್ಯವೆಂದು ಹೆಸರಿಟ್ಟು ನ್ಯಾಯಸ್ಥಾನದಲ್ಲಿಯೇ ಬಳಸುತ್ತಿದ್ದರು. ಯಾಜ್ಞವಲ್ಕ್ಯಸ್ಮೃತಿಯು ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಅವನು ದಿವ್ಯಪ್ರಕರಣವನ್ನು ವಿಸ್ತಾರವಾಗಿ ವಿವರಿಸಿರುವನು. ಜಲದಿವ್ಯದಲ್ಲಿ ಆರೋಪಿತನು ನೀರಿನಲ್ಲಿ ಮುಳುಗಿರಬೇಕು. ಅಷ್ಟರಲ್ಲಿ ಬಿಟ್ಟ ಬಾಣವನ್ನು ವೇಗಿಯಾದ ಒಬ್ಬನು ಓಡಿಹೋಗಿ ತರಬೇಕು. ಅವನು ಬರುವವರೆಗೂ ಮುಳುಗಿದ್ದವನು ಶುದ್ಧನು.

ಇಂದಿನ ನಾವು ದಿವ್ಯಗಳನ್ನು ಪ್ರಮಾಣವೆಂದು ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ಆದರೆ ಒಪ್ಪಿದ್ದ ಕಾಲದಲ್ಲಿಯೂ ನಮ್ಮವರು ಅದಕ್ಕೆ ಎಂಥ ಕಟ್ಟುಪಾಡುಗಳನ್ನು ಹಾಕಿದ್ದರೆಂಬುದನ್ನು ನೋಡಿದರೆ ಆಶ್ಚರ್ಯವೂ ಗೌರವವೂ ಹುಟ್ಟುತ್ತವೆ. ಮೊದಲನೆಯದಾಗಿ, ಬರಹ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಇಲ್ಲದ ಕಡೆಯಲ್ಲಿ ಮಾತ್ರ ದಿವ್ಯವು ಸಲ್ಲುವುದು. ಎರಡನೆಯದಾಗಿ, ಗುರುತರವಾದ ದಿವ್ಯಗಳನ್ನು ದೊಡ್ಡ ಆರೋಪಗಳಲ್ಲಿ ಮಾತ್ರ, ಅದೂ ಆರೋಪಿಸಿದವನು ‘ಇವನು ಶುದ್ಧನೆಂದು ಗೊತ್ತಾದರೆ ದಂಡವು ನನಗಿರಲಿ’ ಎಂದು ಒಪ್ಪಿ ನಿಂತಾಗ ಮಾತ್ರ, ನಡಸತಕ್ಕದ್ದು. ಮೂರನೆಯದಾಗಿ, ಸ್ತ್ರೀಯರು, ಬಾಲರು, ವೃದ್ಧರು, ರೋಗಿಗಳು ಮೊದಲಾದವರಿಗೆ ಜಲವನ್ನಾಗಲಿ ಅಗ್ನಿಯನ್ನಾಗಲಿ ವಿಧಿಸದೆ ತುಲೆಯನ್ನೇ ಹೇಳಿದೆ. ನಾಲ್ಕನೆಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು: ಚಳಿಗಾಲದಲ್ಲಿ ಜಲದಿವ್ಯವು ಕೂಡದು; ಗಾಳಿಯು ಜೋರಾಗಿ ಬೀಸುವಾಗ ತುಲಾದಿವ್ಯವು ಕೂಡದು.

ಗಾಳಿಯು ಬೀಸುವಾಗ ತಕ್ಕಡಿಯನ್ನು ನಂಬಬಾರದೆಂದ ಶಾಸ್ತ್ರಕಾರರು ಗಾಳಿಯೂ ದೇವರ ಅಧೀನವೆಂಬುದನ್ನು ಅರಿಯದವರಾಗಿರಲಿಲ್ಲ. ಆದರೂ ಅವರು ‘ಬೀಸಿಸಿದವನು ದೇವರು, ಆದುದರಿಂದ ತೂಗಿರಿ’ ಎನ್ನಲಿಲ್ಲ. ‘ಗಾಳಿ ನಿಲ್ಲುವವರೆಗೂ ತೂಗಬೇಡಿರಿ’ ಎಂದರು. ಈ ವಿವೇಕವನ್ನು ವಸುಧಾರೆಗೆ ಅನ್ವಯಿಸಿ ನೋಡೋಣ. ಅಲ್ಲಿ ಗಾಳಿಯಿಲ್ಲದ ಹೊತ್ತೇ ಅಪೂರ್ವ, ಚಳಿಯಿಲ್ಲದ ಕಾಲವೇ ಇಲ್ಲ. ನಿಲ್ಲುವವರು ಹೆಂಗಸರು, ಮುದುಕರು, ಮಕ್ಕಳು. ಇಂಥ ಅಪರಾಧವೆಂದು ಆರೋಪವನ್ನು ಯಾರೂ ಹೇಳಿಲ್ಲ. ಸುಳ್ಳಾದರೆ ದಂಡವನ್ನು ಹೊರುವೆನೆಂದು ಒಪ್ಪಿ ನಿಂತವರು ಯಾರೂ ಇಲ್ಲ. ಆ ವೃದ್ಧೆಗೆ ‘ತೀರಿಸಬೇಕಾದ್ದು ಇನ್ನೂ ಇರಬೇಕು’ ಎಂದ ಗೃಹಸ್ಥರು ತಮ್ಮ ಮಾತಿಗೆ ಏನನ್ನು ಪಣವಾಗಿಟ್ಟಿದ್ದರು? ಕಲ್ಯಾಣದ ನ್ಯಾಯಸ್ಥಾನದಲ್ಲಿ ಇಂಥ ವ್ಯವಹಾರವನ್ನು ಬಾಗಿಲಿನಲ್ಲಿಯೇ ತಡೆದು ಹಿಂದಕ್ಕೆ ಕಳುಹಿಸುತ್ತಿದ್ದರು.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ‘ಕರ್ಮಸಿದ್ಧಾಂತವನ್ನೇ ಅಲ್ಲಗಳೆಯುವಿರಾ? ಸುಖದುಃಖಗಳಿಗೆ ಪುಣ್ಯಪಾಪಗಳೇ ಕಾರಣವೆಂದು ಒಪ್ಪಿದ ಮೇಲೆ, ದುಃಖವನ್ನು ಕಂಡು ಪಾಪವನ್ನು ಊಹಿಸುವುದರಲ್ಲಿ ತಪ್ಪೇನು?’ ಎಂದು. ಉತ್ತರವು ಹೀಗೆ. ಮಾಡಿದ ಕರ್ಮಕ್ಕೆ ಫಲವುಂಟೆಂಬುದು ಬೇರೆ. ಎದುರಿಗಿರುವ ಈ ಫಲವು ಯಾರ, ಯಾವ, ಎಂದಿನ ಕರ್ಮದ್ದೆಂದು ನಾನು ಓದಬಲ್ಲೆನೆಂಬುದು ಬೇರೆ. ಮೊದಲನೆಯದು ಸಿದ್ಧಾಂತ, ಎರಡನೆಯದು ಸರ್ವಜ್ಞತ್ವದ ಜಂಭ. ಕರ್ಮದ ಸಂಸ್ಕಾರಕ್ಕೆ ನಮ್ಮ ದಾರ್ಶನಿಕರು ಇಟ್ಟ ಹೆಸರೇ ಅದೃಷ್ಟ, ಎಂದರೆ ಕಣ್ಣಿಗೆ ಕಾಣದುದು. ಕರ್ಮದ ಗತಿಯನ್ನು ತಿಳಿಯುವುದು ಕಷ್ಟವೆಂಬುದನ್ನು ಭಗವದ್ಗೀತೆಯೂ ಒಪ್ಪುತ್ತದೆ. ಕಾಣದುದೆಂದು ಹೆಸರಿಟ್ಟುದನ್ನು ಕಂಡೆನೆಂದು ಇನ್ನೊಬ್ಬರ ಮುಖದೆದುರಿಗೆ ಹೇಳುವವನು ಕರ್ಮಸಿದ್ಧಾಂತವನ್ನು ಉಳಿಸುವವನಲ್ಲ.

ಇದೇ ವಾದವು ಹಿಂದೆ ನಮ್ಮ ದೇಶದ ಇಬ್ಬರು ಮಹಾಪುರುಷರ ನಡುವೆ ನಡೆಯಿತು. ೧೯೩೪ನೆಯ ಜನವರಿ ೧೫ರಂದು ಬಿಹಾರದಲ್ಲಿ ಭೀಕರವಾದ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಅಸ್ಪೃಶ್ಯತೆಯೆಂಬ ಪಾಪಕ್ಕೆ ಅದು ದೇವರು ಕೊಟ್ಟ ಶಿಕ್ಷೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದರು. ಅಸ್ಪೃಶ್ಯತೆಯನ್ನು ತಾವೂ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಭೂಮಿಯ ಕಂಪನಕ್ಕೆ ಕಾರಣವು ಭೂಮಿಯಲ್ಲಿಯೇ ಇದೆ. ಅದನ್ನು ನೀತಿಗೆ ಗಂಟುಹಾಕುವ ವಾದವು ಗಾಂಧಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಪ್ಪುವುದೆಂಬುದು ಅವರ ಅಭಿಪ್ರಾಯ. ಗಾಂಧಿಯವರು ಆ ಟೀಕೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿ ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರ ದೊಡ್ಡತನವೂ ಆ ಪುಟಗಳಲ್ಲಿ ಕಾಣುತ್ತದೆ. ಆದರೆ ಈ ಒಂದು ವಿಷಯದಲ್ಲಿ ಕವಿಯ ಪಕ್ಷವೇ ನಮ್ಮ ಪ್ರಾಚೀನ ಶಾಸ್ತ್ರಕಾರರ ವಿವೇಕಕ್ಕೂ ಹತ್ತಿರವೆಂದು ನನಗೆ ತೋರುತ್ತದೆ. ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರು, ತೊಟ್ಟಿಲ ಕೂಸುಗಳೂ ಇದ್ದುವು.

ಇಷ್ಟು ದೂರ ಹೋಗಬೇಕಾದುದೂ ಇಲ್ಲ. ವಸುಧಾರೆಯ ದಾರಿಯ ಮಾಣಾದಲ್ಲಿಯೇ ೨೦೨೫ನೆಯ ಫೆಬ್ರವರಿ ೨೮ರಂದು ಹಿಮದ ರಾಶಿಯು ಕುಸಿದು, ರಸ್ತೆಯ ಕೆಲಸದವರು ತಂಗಿದ್ದ ಬಿಡಾರವನ್ನು ಮುಚ್ಚಿತು. ಹಿಮದಡಿಯಲ್ಲಿ ಸಿಕ್ಕಿದ ೫೪ ಮಂದಿ ಕಾರ್ಮಿಕರಲ್ಲಿ ೪೬ ಮಂದಿಯನ್ನು ಉಳಿಸಿದರು. ೮ ಮಂದಿ ಮೃತರಾದರು. ಹೊಟ್ಟೆಪಾಡಿಗಾಗಿ ಆ ಚಳಿಯಲ್ಲಿ ಗಡಿಯ ರಸ್ತೆಯನ್ನು ಕಾಯುತ್ತಿದ್ದವರು ಅವರು. ಅಲ್ಲಿಂದ ಒಂದು ಗಂಟೆಯೆರಡು ಗಂಟೆಯ ನಡಿಗೆಯ ದೂರದಲ್ಲಿ ಬೀಳುವ ಹನಿಯು ಪಾಪಪುಣ್ಯವನ್ನು ತೂಗಿ ಬೀಳುವುದಾದರೆ, ಇಲ್ಲಿ ಬಿದ್ದ ಹಿಮವೂ ತೂಗಿಯೇ ಬಿದ್ದಿರಬೇಕು. ಹಾಗೆಂದು ಆ ಎಂಟು ಮನೆಗಳ ಬಾಗಿಲಿಗೆ ಹೋಗಿ ಹೇಳುವ ಧೈರ್ಯವು ನಮ್ಮಲ್ಲಿ ಯಾರಿಗೂ ಬರಲಾರದು. ಅಲ್ಲಿ ಹೇಳಲಾಗದುದನ್ನು ವಸುಧಾರೆಯ ಬುಡದಲ್ಲಿ ಕುಳಿತ ತಾಯಿಗೆ ಹೇಳುವುದು ಹೇಗೆ?

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ‘ಈ ನಂಬಿಕೆಯಿಂದ ಜನರಲ್ಲಿ ಪಾಪಭೀತಿಯು ಉಳಿದಿದೆ. ಜಲಪಾತದ ಮುಂದೆ ನಿಂತು ಒಂದು ಗಳಿಗೆಯಾದರೂ ತಮ್ಮ ನಡತೆಯನ್ನು ನೆನೆಯುವರು. ಗಾಳಿಯ ಲೆಕ್ಕವನ್ನು ಹೇಳಿಕೊಟ್ಟರೆ ಆ ಒಂದು ಗಳಿಗೆಯೂ ಹೋಗುವುದಲ್ಲವೇ?’ ಎಂದು. ಇದರಲ್ಲಿ ಸತ್ಯಾಂಶವಿದೆ, ಅದನ್ನು ಬಿಡತಕ್ಕದ್ದಲ್ಲ. ಇಂಥ ಮಾತುಗಳನ್ನು ಅರ್ಥಮಾಡುವ ಬಗೆಯನ್ನು ಮೀಮಾಂಸಕರು ಕಲಿಸಿದ್ದಾರೆ. ವೇದದಲ್ಲಿ ವಿಧಿವಾಕ್ಯಗಳೂ ಅರ್ಥವಾದಗಳೂ ಇರುತ್ತವೆ. ಅರ್ಥವಾದವು ಸ್ತುತಿಸಿ ಅಥವಾ ನಿಂದಿಸಿ ಮನಸ್ಸನ್ನು ವಿಧಿಯ ಕಡೆಗೆ ತಿರುಗಿಸುವ ಮಾತು. ಅದನ್ನು ವಿಧಿಯಿಂದ ಕಿತ್ತು ತೆಗೆದು ಒಂದು ಸುದ್ದಿಯಂತೆ ಹಿಡಿದರೆ ಅನರ್ಥವಾಗುವುದು. ನಿಂದೆಯ ಉದ್ದೇಶವು ನಿಂದ್ಯವಾದುದನ್ನು ಹಳಿಯುವುದಲ್ಲ, ಮಾಡಬೇಕಾದುದನ್ನು ಹೊಗಳುವುದೇ ಆಗಿದೆಯೆಂಬ ನಹಿನಿಂದಾನ್ಯಾಯವನ್ನು ಪಾಠಶಾಲೆಯ ಹುಡುಗರೂ ಬಲ್ಲರು.

ಹೀಗೆ ನೋಡಿದರೆ, ‘ಪಾಪಿಯ ಮೇಲೆ ಹನಿಯು ಬೀಳದು’ ಎಂಬುದು ಒಂದು ಅರ್ಥವಾದ. ಅದರ ಹಿಂದಿರುವ ವಿಧಿಯು, ‘ಇಲ್ಲಿ ನಿಂತಾಗ ನಿನ್ನನ್ನು ನೀನೇ ಪರೀಕ್ಷಿಸಿಕೋ’ ಎಂಬುದು. ವಿಧಿಯು ಯಾರನ್ನು ಕುರಿತು ಹೇಳಿದೆ? ನಿಂತವನನ್ನು ಕುರಿತು, ಪಕ್ಕದಲ್ಲಿ ನೋಡುವವನನ್ನು ಕುರಿತಲ್ಲ. ಅಂಗಿಯು ನೆನೆಯಿತೆಂದು ಹಿಗ್ಗಿ ಹೋದವನು ಪರೀಕ್ಷೆಯನ್ನು ಮಾಡಿಕೊಳ್ಳಲೇ ಇಲ್ಲ; ಅವನಿಗೆ ಉತ್ತರವು ಬಹಳ ಅಗ್ಗವಾಗಿ ಸಿಕ್ಕಿತು. ಅಳತೆಯಲ್ಲಿ ಮೋಸಮಾಡಿದ ವರ್ತಕನೂ ತಮ್ಮನ ಪಾಲನ್ನು ನುಂಗಿದ ಅಣ್ಣನೂ ಮಧ್ಯಾಹ್ನದ ಹೊತ್ತಿಗೆ ಹೋಗಿ ನೆನೆದು ಬರುವರು. ವನಪರ್ವದ ತೀರ್ಥಯಾತ್ರಾಪ್ರಕರಣದಲ್ಲಿ, ಕೈಕಾಲುಗಳೂ ಮನಸ್ಸೂ ಹಿಡಿತದಲ್ಲಿರುವವನಿಗೇ ತೀರ್ಥದ ಫಲವೆಂದು ಹೇಳಿದೆ; ಬಟ್ಟೆಯು ಒದ್ದೆಯಾದುದನ್ನು ಅಲ್ಲಿ ಗುರುತಾಗಿ ಹೇಳಿಲ್ಲ. ಪಾಪಭೀತಿಯನ್ನು ಉಳಿಸಬೇಕಾದರೆ ಈ ಮಾತನ್ನು ಜನಕ್ಕೆ ತಿಳಿಸುವುದು ಮೇಲು.

ಈ ಪರೀಕ್ಷೆಯ ಗದ್ದಲದಲ್ಲಿ ಇನ್ನೊಂದು ನಷ್ಟವೂ ಆಗುತ್ತದೆ. ಅಲ್ಲಿ ನಿಂತವರು ಜಲಪಾತವನ್ನು ನೋಡುವುದಿಲ್ಲ. ತಮ್ಮ ತೋಳನ್ನೂ ಪಕ್ಕದವರ ಹೆಗಲನ್ನೂ ನೋಡುವರು. ನೂರಾರು ಯೋಜನಗಳನ್ನು ಹಾದು, ಉಸಿರು ಸಾಲದ ಎತ್ತರವನ್ನು ಹತ್ತಿ ಬಂದವನಿಗೆ ಆ ಬಂಡೆ, ಆ ಬಿಳಿಯ ಧಾರೆ, ಅದರ ಹಿಂದಿನ ಆಕಾಶ, ಇವು ದೊರೆತುದೇ ಸಣ್ಣ ಪ್ರಸಾದವಲ್ಲ. ಪ್ರಸಾದವು ಕೇಳಿದವರಿಗೂ ಕೇಳದವರಿಗೂ ಸಮನಾಗಿ ಸಲ್ಲತಕ್ಕದ್ದು. ದೇವಾಲಯದಲ್ಲಿ ಅರ್ಚಕರು ಯೋಗ್ಯತೆಯನ್ನು ವಿಚಾರಿಸಿ ಹೂವನ್ನು ಕೊಡುವುದಿಲ್ಲ. ಕಾಮನಬಿಲ್ಲು ಒಣಗಿದವರ ಕಣ್ಣಿಗೂ ಕಾಣುತ್ತದೆ. ನಿಜವಾಗಿ ನೋಡಿದರೆ, ತುಸು ದೂರದಲ್ಲಿ ಒಣಗಿ ನಿಂತವರಿಗೇ ಅದು ಚೆನ್ನಾಗಿ ಕಾಣುವುದು.

ಕೊನೆಯದಾಗಿ, ಆ ದಾರಿಯ ಕಥೆಯನ್ನೇ ನೆನೆಯಬೇಕು. ಮಾಣಾದಿಂದ ವಸುಧಾರೆಗೆ, ಅಲ್ಲಿಂದ ಸತೋಪಂಥದ ಸರೋವರಕ್ಕೂ ಸ್ವರ್ಗಾರೋಹಿಣಿಗೂ ಹೋಗುವ ಹಾದಿಯನ್ನು ಸ್ಥಳದವರು ಪಾಂಡವರ ಮಹಾಪ್ರಸ್ಥಾನದ ಹಾದಿಯೆಂದು ತೋರಿಸುವರು. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ ನಿಂತಿರುವುದರಿಂದ, ಗಮಕಿಗಳ ವಾಚನವನ್ನು ಕೇಳಿ ಬೆಳೆದ ನಮ್ಮವರಿಗೆ ಈ ಭಾಗವು ಸ್ವಲ್ಪ ಮರೆಯಾಗಿಯೇ ಉಳಿದಿದೆ. ಮಿಕ್ಕ ಪರ್ವಗಳನ್ನು ತಿಮ್ಮಣ್ಣಕವಿಯು ಕೃಷ್ಣದೇವರಾಯನ ಕಾಲದಲ್ಲಿ ರಚಿಸಿದನು. ಮೂಲದಲ್ಲಿ ಕಥೆಯು ಹೀಗಿದೆ. ನಡೆಯುತ್ತ ನಡೆಯುತ್ತ ದ್ರೌಪದಿಯು ಬಿದ್ದಳು. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ ಇವರು ಕ್ರಮವಾಗಿ ಬಿದ್ದರು. ಪ್ರತಿಯೊಬ್ಬರೂ ಬಿದ್ದಾಗ ಭೀಮನು ಕಾರಣವನ್ನು ಕೇಳುವನು. ಯುಧಿಷ್ಠಿರನು ಹಿಂದಿರುಗಿ ನೋಡದೆಯೇ ಒಂದೊಂದು ದೋಷವನ್ನು ಹೇಳುವನು. ಇವಳಿಗೆ ಅರ್ಜುನನಲ್ಲಿ ಪಕ್ಷಪಾತ, ಇವನಿಗೆ ಬುದ್ಧಿಯ ಗರ್ವ, ಇವನಿಗೆ ರೂಪದ ಗರ್ವ, ಇವನಿಗೆ ಶೌರ್ಯದ ಹೆಮ್ಮೆ, ನಿನಗೆ ಬಲದ ಜಂಭ ಮತ್ತು ಮಿತಿಯಿಲ್ಲದ ಊಟ. ನಮ್ಮ ಗೃಹಸ್ಥರು ಬೇಕಾದರೆ ಈ ಸ್ಥಳವನ್ನು ತಮಗೆ ಆಧಾರವಾಗಿ ಹಿಡಿಯಬಹುದು.

ಆದರೆ ವ್ಯಾಸರು ಕಥೆಯನ್ನು ಅಲ್ಲಿಗೆ ಬಿಡಲಿಲ್ಲ. ಜೊತೆಯಲ್ಲಿ ಬಂದ ನಾಯಿಯನ್ನು ಬಿಟ್ಟು ರಥವನ್ನು ಹತ್ತೆನೆಂದು ಯುಧಿಷ್ಠಿರನು ಮೊದಲು ಹಠ ಹಿಡಿದನು. ಸ್ವರ್ಗಕ್ಕೆ ಹೋಗಿ ನೋಡಿದರೆ ಅಲ್ಲಿ ದುರ್ಯೋಧನನು ವೈಭವದಿಂದ ಕುಳಿತಿದ್ದಾನೆ, ತಮ್ಮಂದಿರಿಲ್ಲ. ಅವರಿರುವಲ್ಲಿಗೆ ನನ್ನನ್ನು ಕರೆದೊಯ್ಯಿರೆಂದು ಕೇಳಿದಾಗ, ದೇವದೂತನು ಅವನನ್ನು ಕತ್ತಲೆಯೂ ದುರ್ಗಂಧವೂ ತುಂಬಿದ ನರಕಕ್ಕೆ ಒಯ್ದನು. ಸಹಿಸಲಾರದೆ ಹಿಂದಿರುಗಬೇಕೆಂದಿದ್ದಾಗ ಕತ್ತಲೆಯೊಳಗಿನಿಂದ ಧ್ವನಿಗಳು ಕೇಳಿಬಂದುವು: ಧರ್ಮರಾಜನೇ, ಸ್ವಲ್ಪ ಹೊತ್ತು ನಿಲ್ಲು, ನಿನ್ನ ಮೈಯನ್ನು ಸೋಕಿ ಬರುವ ಗಾಳಿಯಿಂದ ನಮ್ಮ ಯಾತನೆಯು ಕಡಿಮೆಯಾಗಿದೆ ಎಂಬ ಅರ್ಥದ ಮಾತುಗಳು. ಯಾರೆಂದು ಕೇಳಿದರೆ ಕರ್ಣ, ಭೀಮ, ಅರ್ಜುನ, ನಕುಲ, ಸಹದೇವ, ದ್ರೌಪದಿ. ದಾರಿಯಲ್ಲಿ ಒಬ್ಬೊಬ್ಬರ ದೋಷವನ್ನೂ ಎಣಿಸಿ ಹೇಳಿದ್ದ ಅದೇ ಯುಧಿಷ್ಠಿರನು ಈಗ ದೋಷದ ಮಾತನ್ನೇ ಎತ್ತಲಿಲ್ಲ. ದೂತನನ್ನು ಹಿಂದಕ್ಕೆ ಕಳುಹಿಸಿ, ನನ್ನಿಂದ ಇವರಿಗೆ ನೆಮ್ಮದಿಯಿರುವುದಾದರೆ ನಾನು ಇಲ್ಲಿಯೇ ಇರುವೆನೆಂದನು. ಅದುವರೆಗಿನದೆಲ್ಲ ಮಾಯೆಯೆಂದೂ ಪರೀಕ್ಷೆಯೆಂದೂ ಆಮೇಲೆ ತಿಳಿಯಿತು.

ಧರ್ಮನ ಮಗನಿಗೆ ಕೊಟ್ಟ ಕಡೆಯ ಪರೀಕ್ಷೆಯು ಇದು. ಬಿದ್ದವರ ದೋಷವನ್ನು ಸರಿಯಾಗಿ ಹೇಳಿದುದಕ್ಕೆ ಅವನಿಗೆ ಯಾವ ಫಲವೂ ಬಂದಂತೆ ಕಾಣುವುದಿಲ್ಲ. ಬಿದ್ದವರ ಬಳಿಯಲ್ಲಿ ನಿಂತುದಕ್ಕೆ ಫಲವು ಬಂದಿತು. ಅವನು ಹೇಳಿದ ದೋಷಗಳು ನಿಜವಾಗಿಯೇ ಇದ್ದುವು. ಅವನು ಅವರನ್ನು ಜೀವಮಾನವೆಲ್ಲ ಬಲ್ಲವನು. ಅಷ್ಟು ಬಲ್ಲವನಿಗೂ ಕೊನೆಗೆ ಆ ಲೆಕ್ಕವು ಸಾಲದಾಯಿತು. ಎರಡು ವಾರಗಳ ಯಾತ್ರೆಯಲ್ಲಿ ಪರಿಚಯವಾದ ಒಬ್ಬ ಮುದುಕಿಯ ಪಾಪವನ್ನು ಅವಳ ಶಾಲನ್ನು ನೋಡಿ ಹೇಳುವುದಕ್ಕೆ ನಮಗೆ ಯಾವ ಅಧಿಕಾರವಿದೆ? ಚೊಂಬಿನಲ್ಲಿ ನೀರನ್ನು ತಂದ ತರುಣಿಯು ಸ್ವರ್ಗಾರೋಹಣಪರ್ವವನ್ನು ಓದಿದ್ದಳೋ ಇಲ್ಲವೋ, ಅದರ ತಾತ್ಪರ್ಯವನ್ನು ಬಲ್ಲವಳಾಗಿದ್ದಳು. ಆದುದರಿಂದ ಅವಳ ಪಕ್ಷವೇ ಶಾಸ್ತ್ರದ ಪಕ್ಷವೆಂದು ನನ್ನ ನಿರ್ಣಯ.

ಬದರಿಗೆ ಹೋಗದವರಿಗೂ ಈ ವಿಚಾರವು ಸಲ್ಲುವುದು. ಮದುವೆಯ ಮನೆಯಲ್ಲಿ ಆರತಿಯ ಹೊತ್ತಿಗೆ ವಿಧವೆಯಾದ ಅತ್ತೆಯನ್ನು ನಡುಮನೆಯ ಬಾಗಿಲಿನ ಹಿಂದೆ ನಿಲ್ಲಿಸುವವರು, ಮಕ್ಕಳಾಗದ ಸೊಸೆಯನ್ನು ಸೀಮಂತಕ್ಕೆ ಕರೆಯದೆ ಬಿಡುವವರು, ದೀರ್ಘರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ‘ಏನು ಕರ್ಮವೋ’ ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ದುಷ್ಟರಲ್ಲ, ಆ ಮಾತು ಶಾಸ್ತ್ರವೆಂದು ತಿಳಿದಿರುವರು. ಅದು ಶಾಸ್ತ್ರವಲ್ಲವೆಂದು ಮನೆಯ ಹಿರಿಯರೇ ಹೇಳಬೇಕು. ಕಿರಿಯರು ಹೇಳಿದರೆ ಅಹಂಕಾರವೆನ್ನುವರ. ಇನ್ನು ಮುಂದಿನ ಋತುವಿನಲ್ಲಿ ಬದರಿಗೆ ಹೊರಡುವವರು ವಸುಧಾರೆಗೆ ತಪ್ಪದೆ ಹೋಗಲಿ. ಹವೆಯು ತಿಳಿಯಾಗಿರುವ ದಿನ ಮಾಣಾದಿಂದ ಬೆಳಗ್ಗೆ ಹೊರಟರೆ ಬಿಸಿಲು ಇಳಿಯುವುದರೊಳಗೆ ಹಿಂದಿರುಗಬಹುದು. ಉಣ್ಣೆಯ ಬಟ್ಟೆಯೂ ಕೈಕೋಲೂ ಜೊತೆಯಲ್ಲಿರಲಿ. ಒಂದು ಚೊಂಬನ್ನೂ ತೆಗೆದುಕೊಂಡು ಹೋಗುವುದು ಒಳ್ಳೆಯದು.